ಹೊರೆ ಎಳೆಯುವ ಡೀಸಲ್ ವಾಹನಗಳಲ್ಲಿ ಇಂಜಿನಿನ ವೇಗ ಮತ್ತು ಗೇರಿನ ರಕ್ಷಣೆ

ಕಬ್ಬು, ಭತ್ತ, ಗೊಬ್ಬರ, ಇಟ್ಟಿಗೆ ಮುಂತಾದವುಗಳ ಸಾಗಣೆಯು ಹಿಂದೆ ಬಹುಮಟ್ಟಿಗೆ ಎತ್ತಿನ ಗಾಡಿಗಳಿಂದಲೇ ನಡೆಯುತ್ತಿದ್ದಿತು. ಈಗ ಆ ಕೆಲಸದ ಹೆಚ್ಚು ಭಾಗವನ್ನು ಟ್ರಾಕ್ಟರೂ ಅದರ ಹಿಂದೆ ಕಟ್ಟುವ ಟ್ರೇಲರೂ ವಹಿಸಿಕೊಂಡಿವೆ. ಮಂಡ್ಯ, ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಲ್ಲಿ ಕಬ್ಬು ಕಡಿಯುವ ಕಾಲಕ್ಕೆ ರಸ್ತೆಯಲ್ಲಿ ಹೋದವರಿಗೆ ಇದನ್ನು ಬೇರೆಯಾಗಿ ಹೇಳಬೇಕಾದುದಿಲ್ಲ. ಒಂದು ಟ್ರೇಲರಿನಿಂದ ತೃಪ್ತರಾಗದೆ ಎರಡನ್ನು ಒಂದರ ಹಿಂದೊಂದು ಕಟ್ಟಿ ಎಳೆಸುವವರೂ ಉಂಟು. ಇದಲ್ಲದೆ, ಕೈಯಿಂದ ಗೇರು ಬದಲಾಯಿಸುವ ಅವಶ್ಯಕತೆಯೇ ಇಲ್ಲದ ಆಟೋಮ್ಯಾಟಿಕ್ ಗೇರಿನ ಡೀಸಲ್ ಜೀಪು ಮತ್ತು ಪಿಕಪ್ಪುಗಳು ಕೆಲವು ಭೂಮಾಲೀಕರ ಮನೆಗಳಿಗೆ ಬಂದಿವೆ. ಮನೆಯಲ್ಲಿ ವಾಹನವಿದ್ದ ಮೇಲೆ ಅದರಿಂದಲೂ ಹೊರೆ ಎಳೆಸಬೇಕೆಂಬ ಇಚ್ಛೆಯು ಸಹಜವೇ ಆಗಿರುವುದು.

ವಾಹನವನ್ನು ಕೊಳ್ಳುವಾಗ ಯಜಮಾನರು ಅಶ್ವಶಕ್ತಿಯನ್ನೂ ಬೆಲೆಯನ್ನೂ ವಿಚಾರಿಸುವರು. ಆದರೆ ಅದನ್ನು ಪ್ರತಿನಿತ್ಯವೂ ಓಡಿಸುವವನು ಸಾಮಾನ್ಯವಾಗಿ ಸಂಬಳದ ಡ್ರೈವರು. ಗೇರಿನ ಪೆಟ್ಟಿಗೆ ಕೆಟ್ಟರೆ ಹಣ ಹೋಗುವುದು ಯಜಮಾನರದು. ಇಳಿಜಾರಿನಲ್ಲಿ ಬ್ರೇಕು ಹಿಡಿಯದೆ ಹೋದರೆ ಪ್ರಾಣ ಹೋಗುವುದು ಡ್ರೈವರಿನದು. ಆದಕಾರಣ ಈ ವಿಷಯವನ್ನು ಇಬ್ಬರೂ ಅರಿತಿರುವುದು ಅವಶ್ಯಕ.

ಡೀಸಲ್ ಎಣ್ಣೆಯಲ್ಲಿ ಅಡಗಿರುವ ಶಕ್ತಿಯಲ್ಲಿ ಸ್ಥೂಲವಾಗಿ ಮೂರರಲ್ಲಿ ಒಂದು ಭಾಗವು ಮಾತ್ರ ಎಳೆಯುವ ಕೆಲಸಕ್ಕೆ ಒದಗುವುದು. ಉಳಿದುದೆಲ್ಲವೂ ಶಾಖವಾಗಿ ಪರಿಣಮಿಸುವುದು. ಇಂಜಿನಿನಲ್ಲಿ ಹುಟ್ಟುವ ಶಾಖವನ್ನು ಹೊರಕ್ಕೆ ಸಾಗಿಸುವುದಕ್ಕೆ ರೇಡಿಯೇಟರು, ಫ್ಯಾನು, ಹೊಗೆ ಕೊಳವೆಗಳಿವೆ. ಆದರೆ ಕ್ಲಚ್ಚಿನಲ್ಲಿ, ಗೇರಿನ ಎಣ್ಣೆಯಲ್ಲಿ, ಬ್ರೇಕಿನಲ್ಲಿ ಹುಟ್ಟುವ ಶಾಖಕ್ಕೆ ಅಂತಹ ವಿಶಾಲವಾದ ದಾರಿಯಿಲ್ಲ. ಅದು ಹುಟ್ಟಿದಲ್ಲಿಯೇ ನಿಂತು ಅಲ್ಲಿನ ವಸ್ತುವನ್ನು ಸುಡುವುದು. ಹೊರೆ ಎಳೆಯುವ ವಾಹನವನ್ನು ಕಾಪಾಡುವುದೆಂದರೆ ಶಾಖವು ಈ ಸ್ಥಳಗಳಲ್ಲಿ ಹುಟ್ಟದಂತೆ ನೋಡಿಕೊಳ್ಳುವುದೇ ಹೊರತು ಬೇರೆಯಲ್ಲ. ಅದಕ್ಕೆ ಡ್ರೈವರಿನ ಕೈಯಲ್ಲಿರುವ ಮುಖ್ಯ ಸಾಧನವು ಇಂಜಿನಿನ ವೇಗ, ಅಂದರೆ ನಿಮಿಷಕ್ಕೆ ಅದು ತಿರುಗುವ ಸುತ್ತುಗಳ ಸಂಖ್ಯೆ.

ಡೀಸಲ್ ಇಂಜಿನಿನ ಸ್ವಭಾವ

ಜರ್ಮನಿಯ ಆಗ್ಸ್‌ಬರ್ಗಿನಲ್ಲಿ ರುಡಾಲ್ಫ್ ಡೀಸಲ್ ಎಂಬಾತನು 1897ರಲ್ಲಿ ಈ ಇಂಜಿನನ್ನು ಸಫಲವಾಗಿ ನಡೆಸಿ ತೋರಿಸಿದನು. ಇದರಲ್ಲಿ ಬೆಂಕಿಯ ಕಿಡಿಯಿಲ್ಲ. ಸಿಲಿಂಡರಿನೊಳಗೆ ಬಂದ ಗಾಳಿಯನ್ನು ಪಿಸ್ಟನ್ನು ಅದರ ಮೂಲಗಾತ್ರದ ಹದಿನೈದು ಇಪ್ಪತ್ತರಲ್ಲೊಂದು ಪಾಲಿಗೆ ಒತ್ತುವುದು. ಆ ಒತ್ತಡದಿಂದಲೇ ಕಾದ ಗಾಳಿಗೆ ಎಣ್ಣೆಯ ತುಂತುರು ತಗುಲಿ ಉರಿಯುವುದು. ಎಷ್ಟು ಎಣ್ಣೆ ಬೀಳಬೇಕೆಂಬುದನ್ನು ಗವರ್ನರು ನಿರ್ಧರಿಸುವುದು.

ಟ್ರಾಕ್ಟರಿನ ಇಂಜಿನಿಗೆ ಸಾಮಾನ್ಯವಾಗಿ ನಿಮಿಷಕ್ಕೆ 2,000 ಸುತ್ತುಗಳ ಆಸುಪಾಸಿನಲ್ಲಿ ಪೂರ್ಣ ಅಶ್ವಶಕ್ತಿಯೂ, 1,200 ರಿಂದ 1,500 ಸುತ್ತುಗಳ ನಡುವೆ ಪೂರ್ಣ ಸೆಳೆತವೂ ದೊರೆಯುವುವು. ಈ ಎರಡೂ ಒಂದೇ ಅಲ್ಲವೆಂಬುದನ್ನು ಗಮನಿಸತಕ್ಕದ್ದು. ಏರು ಬಂದು ಇಂಜಿನಿನ ವೇಗವು 2,000 ದಿಂದ ಇಳಿಯತೊಡಗಿದಾಗ ಸೆಳೆತವು ಕಡಿಮೆಯಾಗುವ ಬದಲು ಹೆಚ್ಚುವುದು. ಒಳ್ಳೆಯ ಎತ್ತು ಏರಿನಲ್ಲಿ ತಲೆ ತಗ್ಗಿಸಿ ಎದೆ ಕೊಟ್ಟು ಎಳೆಯುವಂತೆ ಇಂಜಿನೂ ಆಗ ಎಳೆಯುವುದು. ಆದರೆ ವೇಗವು 1,200 ಕ್ಕಿಂತಲೂ ಇಳಿದರೆ ಸೆಳೆತವೂ ಇಳಿಮುಖವಾಗುವುದು. ಅಲ್ಲಿಂದ ಮುಂದೆ ಇಂಜಿನು ಬಳಲುವುದೇ ಹೊರತು ಎಳೆಯುವುದಿಲ್ಲ.

ಈ ಬಳಲಿಕೆಯನ್ನು ಅನೇಕ ಡ್ರೈವರುಗಳು ಮಿತವ್ಯಯವೆಂದು ತಿಳಿದಿರುವರು. ಇಂಜಿನು ಮೆಲ್ಲಗೆ ತಿರುಗಿದರೆ ಎಣ್ಣೆ ಉಳಿಯುವುದೆಂಬುದು ಅವರ ನಂಬಿಕೆ. ಬರಿದಾದ ಟ್ರೇಲರಿನೊಡನೆ ಸಮತಲದಲ್ಲಿ ಹೋಗುವಾಗ ಈ ಮಾತು ನಿಜ. ತುಂಬಿದ ಹೇರಿನೊಡನೆ ಏರು ಹತ್ತುವಾಗ ಇದು ಹಾನಿಕರ. ಆಗ ಗವರ್ನರು ಪೂರ್ಣವಾಗಿ ಎಣ್ಣೆಯನ್ನು ಬಿಟ್ಟಿರುವುದು, ಆದರೆ ಅದನ್ನು ಉರಿಸುವಷ್ಟು ಗಾಳಿ ದೊರೆಯದೆ ಕಪ್ಪು ಹೊಗೆ ಹೊರಡುವುದು. ಆ ಹೊಗೆಯು ಹಣ ಕೊಟ್ಟು ಕೊಂಡ, ಉರಿಯದೆ ಹೋದ ಎಣ್ಣೆಯೇ ಆಗಿರುತ್ತದೆ. ಅದೇ ಸಮಯದಲ್ಲಿ ಪಿಸ್ಟನ್ನಿನ ಮೇಲಿನ ಒತ್ತಡವು ಅತ್ಯಧಿಕವಾಗಿದ್ದು, ಕ್ರ್ಯಾಂಕಿನ ಬೇರಿಂಗುಗಳ ನಡುವಣ ಎಣ್ಣೆಯ ಪೊರೆಯು ವೇಗವಿಲ್ಲದೆ ತೆಳುವಾಗುವುದು. ನೀರಿನ ಪಂಪೂ ಫ್ಯಾನೂ ಇಂಜಿನಿನೊಡನೆಯೇ ಮಂದವಾಗಿ ತಿರುಗುವುದರಿಂದ, ಶಾಖ ಹೆಚ್ಚಾಗಿರುವ ಹೊತ್ತಿನಲ್ಲಿಯೇ ತಂಪು ಕಡಿಮೆಯಾಗುವುದು. ಕಪ್ಪು ಹೊಗೆ, ಗುದ್ದುವಂತಹ ದಪ್ಪ ಸದ್ದು, ಆಕ್ಸಿಲರೇಟರನ್ನು ಒತ್ತಿದರೂ ವೇಗ ಏರದಿರುವುದು, ಇವು ಮೂರೂ ಸೇರಿದ ಕೂಡಲೆ ಒಂದು ಗೇರು ಕೆಳಕ್ಕೆ ಹಾಕತಕ್ಕದ್ದು.

ಹಾಗೆಂದು ಇಂಜಿನನ್ನು ಸದಾ ಕೂಗಿಸುತ್ತಿರಬೇಕೆಂದು ಅರ್ಥವಲ್ಲ. ಹೊರೆಯೊಡನೆ 1,500 ಕ್ಕೂ ತಯಾರಕರು ಸೂಚಿಸಿರುವ ಪೂರ್ಣ ವೇಗಕ್ಕೂ ನಡುವೆ ಇಂಜಿನು ಓಡುತ್ತಿದ್ದರೆ ಸಾಕು.

ಏರಿನ ಲೆಕ್ಕ

ಯಾವ ಗೇರಿನಲ್ಲಿ ಏರಬೇಕೆಂಬುದು ಡ್ರೈವರಿನ ಹುರುಪನ್ನು ಅವಲಂಬಿಸಿದ ವಿಷಯವಲ್ಲ. ಅದು ಲೆಕ್ಕದ ವಿಷಯ. ಒಂದು ಉದಾಹರಣೆಯನ್ನು ನೋಡೋಣ. ಟ್ರಾಕ್ಟರೂ ತುಂಬಿದ ಟ್ರೇಲರೂ ಸೇರಿ ಹತ್ತು ಟನ್ನು ತೂಗುವುವೆಂದು ಇಟ್ಟುಕೊಳ್ಳೋಣ. ಸಮತಲವಾದ ಡಾಂಬರು ರಸ್ತೆಯಲ್ಲಿ ಚಕ್ರಗಳ ಉರುಳುವಿಕೆಗೆ ತೂಕದ ನೂರಕ್ಕೆ ಎರಡರಷ್ಟು ತಡೆ ಉಂಟೆಂದು ಎಣಿಸಿದರೆ, ಗಂಟೆಗೆ 20 ಕಿಲೋಮೀಟರು ವೇಗದಲ್ಲಿ ಹೋಗುವುದಕ್ಕೆ ಸುಮಾರು 15 ಅಶ್ವಶಕ್ತಿ ಸಾಕು. ಅದೇ ಹೇರು ಇಪ್ಪತ್ತು ಅಡಿಗೆ ಒಂದಡಿ ಏರುವ ರಸ್ತೆಯಲ್ಲಿ ಅದೇ ವೇಗದಿಂದ ಹತ್ತಬೇಕಾದರೆ 52 ಅಶ್ವಶಕ್ತಿ ಬೇಕಾಗುವುದು. 45 ಅಶ್ವಶಕ್ತಿಯ ಟ್ರಾಕ್ಟರಿಗೆ ಇದು ಆಗದ ಮಾತು. ವೇಗವನ್ನು ಗಂಟೆಗೆ 10 ಕಿಲೋಮೀಟರಿಗೆ ಇಳಿಸಿದರೆ 26 ಅಶ್ವಶಕ್ತಿಯೇ ಸಾಕಾಗಿ ಇಂಜಿನು ನಿರಾಯಾಸವಾಗಿ ಏರುವುದು. ಡ್ರೈವರಿಗೆ ಈ ಲೆಕ್ಕ ಬರಬೇಕಾಗಿಲ್ಲ; ಏರಿನ ಬುಡದಲ್ಲಿಯೇ ಕೆಳಗಿನ ಗೇರನ್ನು ಹಾಕಿಕೊಳ್ಳುವ ಅಭ್ಯಾಸ ಬಂದರೆ ಸಾಕು. ಏರಿನ ನಡುವೆ ಗೇರು ಬದಲಾಯಿಸಲು ಹೋಗಿ, ಗೇರು ಸೇರದೆ, ಹೇರು ಹಿಂದಕ್ಕೆ ಜಾರುವ ಪ್ರಸಂಗಗಳು ಎಷ್ಟೋ ಉಂಟು.

ಏರಿನಲ್ಲಿ ನಿಲ್ಲಬೇಕಾಗಿ ಬಂದರೆ ಕ್ಲಚ್ಚನ್ನು ಅರ್ಧ ಒತ್ತಿ ಇಂಜಿನಿನ ಸೆಳೆತದಿಂದಲೇ ಹೇರನ್ನು ತಡೆದು ನಿಲ್ಲಿಸುವ ಚಾತುರ್ಯವನ್ನು ಕೆಲವರು ಪ್ರದರ್ಶಿಸುವರು. ಇದು ಕ್ಲಚ್ಚಿನ ತಟ್ಟೆಯನ್ನು ತಿಳಿದೂ ತಿಳಿದೂ ಸುಡುವ ಕೆಲಸ. ಬ್ರೇಕು ಹಾಕಿ, ಚಕ್ರಗಳಿಗೆ ಹಿಂದಿನಿಂದ ಕಲ್ಲು ಕೊಟ್ಟು ನಿಲ್ಲಿಸತಕ್ಕದ್ದು. ತಿರುಗಿ ಹೊರಡುವಾಗ ಕ್ಲಚ್ಚನ್ನು ತಟಕ್ಕನೆ ಬಿಡಕೂಡದು. ಹಾಗೆ ಬಿಟ್ಟರೆ ಟ್ರಾಕ್ಟರಿನ ಮುಂದಿನ ಚಕ್ರಗಳು ಮೇಲಕ್ಕೆದ್ದು, ಅದು ಡ್ರೈವರಿನ ಮೇಲೆಯೇ ಹಿಂದಕ್ಕೆ ಮಗುಚುವ ಸಂಭವವಿದೆ. ಟ್ರೇಲರನ್ನು ತಯಾರಕರು ಕೊಟ್ಟಿರುವ ಎಳೆಗಂಬಿಗೇ ಕಟ್ಟಬೇಕು. ಹಿಂದಿನ ಅಚ್ಚಿಗಿಂತ ಎತ್ತರವಾದ ಜಾಗಕ್ಕೆ ಕಟ್ಟಿದರೆ ಮಗುಚುವ ಅಪಾಯವು ಮತ್ತೂ ಹೆಚ್ಚುವುದು. ಹೇರು ತುಂಬುವ ಕ್ರಮದಲ್ಲಿ ಹಳೆಯ ಗಾಡಿಯವರ ತಿಳಿವಳಿಕೆಯನ್ನು ಮರೆಯಬಾರದು. ಹಿಂಭಾರವಾದ ಗಾಡಿಯ ಮೂಕಿಯು ಏರಿನಲ್ಲಿ ಮೇಲಕ್ಕೆದ್ದು ನೊಗವು ಎತ್ತುಗಳ ಕುತ್ತಿಗೆಯನ್ನು ಹಿಸುಕುವುದೆಂದು ಅವರು ಬಲ್ಲವರಾಗಿದ್ದರು. ಒಂದೇ ಅಚ್ಚಿನ ಟ್ರೇಲರಿಗೂ ಈ ನಿಯಮವು ಹಾಗೆಯೇ ಅನ್ವಯಿಸುವುದು: ಹಿಂಭಾರವಾದರೆ ಅದು ಟ್ರಾಕ್ಟರಿನ ಹಿಂದಿನ ಚಕ್ರಗಳ ಮೇಲಿನ ಭಾರವನ್ನು ಎತ್ತಿ, ನೆಲದ ಹಿಡಿತವನ್ನು ತಪ್ಪಿಸುವುದು.

ಇಳಿಜಾರು

ಏರಿನಲ್ಲಿ ತಪ್ಪಿದರೆ ಸಾಮಾನ್ಯವಾಗಿ ಯಂತ್ರಕ್ಕೆ ನಷ್ಟ. ಇಳಿಜಾರಿನಲ್ಲಿ ತಪ್ಪಿದರೆ ಮನುಷ್ಯರಿಗೆ ನಷ್ಟ. ಆದುದರಿಂದ ಈ ಭಾಗವನ್ನು ಡ್ರೈವರುಗಳಿಗೆ ಓದಿ ಹೇಳಬೇಕೆಂದು ವಾಚಕರಲ್ಲಿ ವಿಶೇಷವಾಗಿ ಕೋರುತ್ತೇವೆ.

ಮೇಲೆ ಹೇಳಿದ ಹತ್ತು ಟನ್ನಿನ ಹೇರೇ ಅದೇ ಇಪ್ಪತ್ತಕ್ಕೊಂದರ ರಸ್ತೆಯಲ್ಲಿ ಒಂದು ಕಿಲೋಮೀಟರು ಇಳಿಯಬೇಕಾಗಿದೆಯೆಂದು ಭಾವಿಸೋಣ. ರಸ್ತೆಯ ತಡೆಯು ನುಂಗಿ ಹಾಕಿದ ಪಾಲನ್ನು ಕಳೆದ ಮೇಲೆಯೂ ಉಳಿಯುವ ಶಕ್ತಿಯು ಒಂಬತ್ತು ಲೀಟರು ತಣ್ಣೀರನ್ನು ಕುದಿ ಬರುವವರೆಗೆ ಕಾಯಿಸಬಲ್ಲುದು. ಕೆಲವೇ ನಿಮಿಷಗಳಲ್ಲಿ ಈ ಶಾಖವೆಲ್ಲವೂ ಎಲ್ಲಿಗಾದರೂ ಹೋಗಲೇಬೇಕು. ಇಂಜಿನು ಗೇರಿನಲ್ಲಿದ್ದರೆ ಬಹುಪಾಲು ಇಂಜಿನಿಗೆ ಹೋಗಿ, ಅಲ್ಲಿಂದ ಹೊಗೆ ಕೊಳವೆ, ರೇಡಿಯೇಟರುಗಳ ಮೂಲಕ ಗಾಳಿಗೆ ಸೇರುವುದು. ಇಂಜಿನು ಗೇರಿನಿಂದ ಬಿಟ್ಟಿದ್ದರೆ ಅಷ್ಟೂ ಬ್ರೇಕಿಗೇ ಹೋಗುವುದು. ಟ್ರಾಕ್ಟರಿನಲ್ಲಿ ಸಾಮಾನ್ಯವಾಗಿ ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಬ್ರೇಕು ಉಂಟು. ನಮ್ಮ ಹಳ್ಳಿಗಳ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಬ್ರೇಕೇ ಇರುವುದಿಲ್ಲ. ಎರಡು ಟನ್ನಿನ ಟ್ರಾಕ್ಟರು ಎಂಟು ಟನ್ನಿನ ಹೇರನ್ನು ಒಂಟಿಯಾಗಿ ತಡೆಯಬೇಕಾಗುವುದು. ಬ್ರೇಕು ಅತಿಯಾಗಿ ಕಾದಾಗ ಅದರ ಹಿಡಿತವು ಕ್ಷೀಣಿಸುವುದು. ಪೆಡಲನ್ನು ಎಷ್ಟು ಒತ್ತಿದರೂ ಚಕ್ರವು ತಿರುಗುತ್ತಲೇ ಇರುವುದು.

ಇಷ್ಟಿದ್ದರೂ ಎಣ್ಣೆ ಉಳಿಯುವುದೆಂಬ ಆಸೆಯಿಂದ ಇಳಿಜಾರಿನ ನೆತ್ತಿಯಲ್ಲಿಯೇ ಗೇರನ್ನು ತಪ್ಪಿಸಿ, ನ್ಯೂಟ್ರಲಿನಲ್ಲಿ ವಾಹನವನ್ನು ಉರುಳಲು ಬಿಡುವ ದುರಭ್ಯಾಸವು ವ್ಯಾಪಕವಾಗಿ ಹಬ್ಬಿರುವುದು. ಮೇಲಿನ ಹೇರನ್ನು ಹೀಗೆ ಬಿಟ್ಟರೆ, ಗಾಳಿಯ ತಡೆಯನ್ನು ಬಿಟ್ಟು ಲೆಕ್ಕ ಹಾಕಿದಲ್ಲಿ, 200 ಮೀಟರು ಹೋಗುವಷ್ಟರಲ್ಲಿ ಅದರ ವೇಗವು ಗಂಟೆಗೆ 39 ಕಿಲೋಮೀಟರಿಗೂ, 500 ಮೀಟರಿಗೆ 62 ಕಿಲೋಮೀಟರಿಗೂ ಏರುವುದು. ಗಂಟೆಗೆ ಮೂವತ್ತು ಕಿಲೋಮೀಟರಿನ ಆಸುಪಾಸಿಗೆಂದು ನಿರ್ಮಿತವಾದ ಯಂತ್ರವಿದು. ಆಗ ಭಯಗೊಂಡು ಗೇರು ಹಾಕಲು ಹೋದರೆ ಅದು ಸೇರುವುದಿಲ್ಲ. ಬಹುಪಾಲು ಟ್ರಾಕ್ಟರುಗಳ ಗೇರುಗಳನ್ನು ಓಡುತ್ತಿರುವಾಗ ಸೇರಿಸುವುದು ಸುಲಭವಲ್ಲ. ಹಲ್ಲುಗಳು ಕಿರುಗುಟ್ಟುವ ಶಬ್ದವಷ್ಟೇ ಕೇಳುವುದು.

ಇನ್ನು ಎಣ್ಣೆಯ ಉಳಿತಾಯದ ಮಾತು. ಇದನ್ನು ಸ್ವಲ್ಪ ಬಿಡಿಸಿ ಹೇಳುವುದು ಒಳ್ಳೆಯದು, ಏಕೆಂದರೆ ಅಪಾಯದ ಮಾತಿಗೆ ಕಿವಿಗೊಡದವರು ಖರ್ಚಿನ ಮಾತಿಗೆ ಕಿವಿಗೊಡುವರು. ನ್ಯೂಟ್ರಲಿನಲ್ಲಿ ಇಳಿಯುವಾಗ ಇಂಜಿನು ಆರಿಹೋಗದಂತೆ ತಿರುಗುತ್ತಿರಲು ಗವರ್ನರು ಸ್ವಲ್ಪ ಎಣ್ಣೆಯನ್ನು ಕೊಡುತ್ತಲೇ ಇರಬೇಕು. ಗೇರಿನಲ್ಲಿ, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗಲಾದರೋ ಚಕ್ರಗಳೇ ಇಂಜಿನನ್ನು ತಿರುಗಿಸುವುವು. ವೇಗವು ಬೇಕಾದುದಕ್ಕಿಂತ ಹೆಚ್ಚಿರುವುದನ್ನು ಕಂಡ ಗವರ್ನರು ಎಣ್ಣೆಯನ್ನು ಪೂರ್ಣವಾಗಿ ನಿಲ್ಲಿಸಿಬಿಡುವುದು. ಅಂದರೆ ಗೇರಿನಲ್ಲಿ ಇಳಿಯುವುದಕ್ಕೆ ಎಣ್ಣೆಯೇ ಖರ್ಚಾಗುವುದಿಲ್ಲ. ನ್ಯೂಟ್ರಲಿನಲ್ಲಿ ಇಳಿಯುವುದಕ್ಕೆ ಖರ್ಚಾಗುವುದು. ಕೈ ಆಕ್ಸಿಲರೇಟರನ್ನು ಮಾತ್ರ ಪೂರ್ತಿ ಇಳಿಸಿರಬೇಕು.

ಯಾವ ಗೇರಿನಲ್ಲಿ ಇಳಿಯಬೇಕೆಂಬುದಕ್ಕೆ, ಆ ಇಳಿಜಾರನ್ನು ಹತ್ತಬೇಕಾಗಿದ್ದರೆ ಯಾವ ಗೇರನ್ನು ಹಾಕುತ್ತಿದ್ದೆವೋ ಅದೇ ಗೇರು, ಇಲ್ಲವೆ ಅದಕ್ಕಿಂತ ಒಂದು ಕೆಳಗಿನದು ಎಂಬ ನಿಯಮವು ಸಾಕು. ಅದನ್ನು ನೆತ್ತಿಯಲ್ಲಿ, ವಾಹನವು ಇನ್ನೂ ಮೆಲ್ಲಗಿರುವಾಗಲೇ ಹಾಕತಕ್ಕದ್ದು. ಮೇಲಿನ ಗೇರಿನಲ್ಲಿ ಇಳಿಯಲು ಹೊರಟು ಹೇರು ನೂಕತೊಡಗಿದರೆ ಇಂಜಿನು ಮಿತಿಮೀರಿ ತಿರುಗುವ ಅಪಾಯವೂ ಉಂಟು. ಗವರ್ನರು ಎಣ್ಣೆಯನ್ನು ನಿಲ್ಲಿಸಬಲ್ಲುದೇ ಹೊರತು ಚಕ್ರಗಳ ಕಡೆಯಿಂದ ಬರುವ ನೂಕನ್ನು ತಡೆಯಲಾರದು. ಆಗ ಕಾಲಿನ ಬ್ರೇಕನ್ನು ಬಲವಾಗಿ, ಆದರೆ ಸ್ವಲ್ಪ ಹೊತ್ತು ಮಾತ್ರ ಒತ್ತಿ, ವೇಗವನ್ನು ಇಳಿಸಿ, ಕಾಲು ತೆಗೆಯಬೇಕು. ಸದಾ ಹಗುರವಾಗಿ ಒತ್ತಿಕೊಂಡೇ ಇರುವುದರಿಂದ ಬ್ರೇಕು ತಣಿಯುವುದಕ್ಕೆ ಅವಕಾಶವೇ ಇರುವುದಿಲ್ಲ.

ಡೀಸಲ್ ಇಂಜಿನಿನ ಒಂದು ಕೊರತೆಯನ್ನೂ ಇಲ್ಲಿ ತಿಳಿಸಬೇಕಾಗಿದೆ. ಪೆಟ್ರೋಲಿನ ಇಂಜಿನಿನಲ್ಲಿ ಕಾಲು ತೆಗೆದಾಗ ಗಾಳಿಯ ದಾರಿಯೇ ಮುಚ್ಚಿಕೊಳ್ಳುವುದರಿಂದ ಅದು ವಾಹನವನ್ನು ಚೆನ್ನಾಗಿ ತಡೆಯುವುದು. ಸಾಮಾನ್ಯ ಡೀಸಲ್ ಇಂಜಿನಿಗೆ ಅಂತಹ ಬಾಗಿಲಿಲ್ಲ. ಒತ್ತಿದ ಗಾಳಿಯು ಮರುಕ್ಷಣವೇ ಪಿಸ್ಟನ್ನನ್ನು ಹಿಂದಕ್ಕೆ ನೂಕಿ, ಪಡೆದ ಶಕ್ತಿಯ ಬಹುಭಾಗವನ್ನು ಹಿಂತಿರುಗಿಸಿಬಿಡುವುದು. ಆದಕಾರಣವೇ ಕೆಳಗಿನ ಗೇರಿನಲ್ಲಿ ಇಂಜಿನನ್ನು ವೇಗವಾಗಿ ತಿರುಗಿಸಿದಲ್ಲದೆ ಅದರಿಂದ ಸಾಕಷ್ಟು ತಡೆ ದೊರೆಯುವುದಿಲ್ಲ. ಈ ಕೊರತೆಯನ್ನು ತನ್ನ ಪ್ರಾಣಕ್ಕೇ ಅಪಾಯ ತಂದುಕೊಂಡು ಅರಿತವನು ಅಮೆರಿಕದ ಕ್ಲೆಸಿ ಕಮಿನ್ಸ್ ಎಂಬ ಪ್ರಸಿದ್ಧ ಇಂಜಿನು ತಯಾರಕನು. 1931ರಲ್ಲಿ ಆತನು ಡೀಸಲ್ ಲಾರಿಯೊಂದನ್ನು ನ್ಯೂಯಾರ್ಕಿನಿಂದ ಲಾಸ್ ಏಂಜಲಿಸ್‌ವರೆಗೆ ನಡೆಸುತ್ತಿದ್ದಾಗ, ಕ್ಯಾಲಿಫೋರ್ನಿಯದ ಕಹೋನ್ ಕಣಿವೆಯ ಇಳಿಜಾರಿನಲ್ಲಿ ಬ್ರೇಕುಗಳು ಕಾದು ಕೆಲಸ ಮಾಡದೆ ಹೋದುವು. ಕೆಳಗೆ ರೈಲು ದಾರಿಯನ್ನು ದಾಟುವಲ್ಲಿ ಗೂಡ್ಸು ರೈಲೊಂದು ಹಾದುಹೋಗುತ್ತಿದ್ದಿತು. ಅದು ಮುಂದೆ ಸರಿದುದಕ್ಕೂ ಲಾರಿ ಅಲ್ಲಿಗೆ ಬಂದುದಕ್ಕೂ ನಡುವೆ ಹೆಚ್ಚು ಅಂತರವಿರಲಿಲ್ಲ. ಆತನು ಅದನ್ನು ಮರೆಯಲಿಲ್ಲ. ಗಾಳಿಯು ಪೂರ್ಣವಾಗಿ ಒತ್ತಲ್ಪಟ್ಟ ಕ್ಷಣದಲ್ಲಿಯೇ ಹೊಗೆಯ ಕವಾಟವನ್ನು ತೆರೆದು ಅದನ್ನು ಹೊರಕ್ಕೆ ಬಿಟ್ಟುಬಿಟ್ಟರೆ, ಶಕ್ತಿಯನ್ನು ಹಿಂತಿರುಗಿಸಲು ಏನೂ ಉಳಿಯುವುದಿಲ್ಲವೆಂಬ ಉಪಾಯವನ್ನು ತನ್ನ ಮುಪ್ಪಿನಲ್ಲಿ ರೂಪಿಸಿದನು. 1961ರಲ್ಲಿ ಆ ಸಾಧನವು ಮಾರಾಟಕ್ಕೆ ಬಂದಿತು. ದೊಡ್ಡ ಲಾರಿಗಳಲ್ಲಿ ಇಂದಿಗೂ ಅದು ಬಳಕೆಯಲ್ಲಿದೆ. ನಮ್ಮ ಟ್ರಾಕ್ಟರುಗಳಿಗೆ ಇಂತಹ ಸಾಧನವಿಲ್ಲವಾದುದರಿಂದ ಕೆಳಗಿನ ಗೇರೇ ನಮಗೆ ಗತಿ.

ಟ್ರಾಕ್ಟರಿನ ಎಡ ಬಲದ ಬ್ರೇಕು ಪೆಡಲುಗಳು ಹೊಲದಲ್ಲಿ ತಿರುಗಿಸುವ ಅನುಕೂಲಕ್ಕಾಗಿ ಬೇರೆ ಬೇರೆಯಾಗಿರುವುವು. ರಸ್ತೆಗೆ ಬಂದ ಕೂಡಲೆ ಅವೆರಡನ್ನೂ ಕೊಂಡಿಯಿಂದ ಜೋಡಿಸಲೇಬೇಕು. ಜೋಡಿಸದೆ ಒಂದನ್ನು ಮಾತ್ರ ಒತ್ತಿದರೆ ಒಂದೇ ಚಕ್ರ ನಿಂತು ಟ್ರಾಕ್ಟರು ಅಡ್ಡಕ್ಕೆ ತಿರುಗುವುದು; ಹಿಂದಿನಿಂದ ಹೇರು ನೂಕುವುದರಿಂದ ಎರಡೂ ಕತ್ತರಿಯಂತೆ ಮಡಿಚಿಕೊಂಡು ಉರುಳುವುವು. ಈ ಕೊಂಡಿಯು ಎಷ್ಟೋ ಟ್ರಾಕ್ಟರುಗಳಲ್ಲಿ ತುಕ್ಕು ಹಿಡಿದಿರುವುದನ್ನು ಕಾಣಬಹುದು.

ಜಾತ್ರೆಗೂ ಮದುವೆಯ ದಿಬ್ಬಣಕ್ಕೂ ಟ್ರೇಲರಿನಲ್ಲಿ ಹೆಂಗಸರು ಮಕ್ಕಳನ್ನು ತುಂಬಿಕೊಂಡು ಹೋಗುವ ವಾಡಿಕೆಯ ವಿಷಯದಲ್ಲಿ ಗ್ರಾಮದ ಮುಖಂಡರು ಮಾಡಬಹುದಾದುದು ಬಹಳವಿದೆ. ಮೇಲಿನ ಲೆಕ್ಕದಲ್ಲಿ ಕಬ್ಬಿದ್ದ ಜಾಗದಲ್ಲಿ ಜನರಿರುವರೆಂದು ಒಮ್ಮೆ ಊಹಿಸಿದರೆ ಸಾಕು. ಸಾಮಾನು ಸಾಗಿಸುವ ಟ್ರೇಲರಿನಲ್ಲಿ ಜನರನ್ನು ಸಾಗಿಸುವುದು ಕಾನೂನಿಗೂ ವಿರುದ್ಧವಾದುದು. ಊರಿನ ಯಜಮಾನರು ತಮ್ಮ ಟ್ರಾಕ್ಟರನ್ನು ಈ ಕೆಲಸಕ್ಕೆ ಕೊಡುವುದಿಲ್ಲವೆಂದು ಒಂದು ಸಾರಿ ಖಂಡಿತವಾಗಿ ಹೇಳಿದರೆ, ಉಳಿದವರು ಬಸ್ಸನ್ನು ಗೊತ್ತು ಮಾಡಿಕೊಳ್ಳುವರು.

ತಾನಾಗಿ ಬದಲಾಗುವ ಗೇರುಗಳು

ಆಟೋಮ್ಯಾಟಿಕ್ ವಾಹನದಲ್ಲಿ ಕ್ಲಚ್ಚಿನ ಪೆಡಲು ಇಲ್ಲ. ಅದರ ಬಹುಪಾಲು ಮಾದರಿಗಳಲ್ಲಿ ಇಂಜಿನಿಗೂ ಗೇರುಗಳಿಗೂ ನಡುವೆ ಎಣ್ಣೆ ತುಂಬಿದ ದುಂಡಗಿನ ಪೆಟ್ಟಿಗೆಯೊಂದಿರುವುದು. ಇದರ ಮೂಲತತ್ತ್ವವನ್ನು ಜರ್ಮನಿಯ ಹರ್ಮನ್ ಫೋಟಿಂಗರ್ ಎಂಬಾತನು 1905ರಲ್ಲಿಯೇ ಕಂಡುಹಿಡಿದಿದ್ದನು. ಎದುರುಬದುರಾಗಿ ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ತಿರುಗಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ. ಇಲ್ಲಿ ಗಾಳಿಯ ಬದಲು ಎಣ್ಣೆಯಿದೆ. ಇಂಜಿನಿನ ಕಡೆಯ ಚಕ್ರವು ಎಣ್ಣೆಯನ್ನು ಎರಚುವುದು, ಗೇರಿನ ಕಡೆಯ ಚಕ್ರವು ಅದರ ಹೊಡೆತಕ್ಕೆ ತಿರುಗುವುದು. ಎರಡರ ನಡುವೆ ಇರುವ ಮೂರನೆಯ ಚಿಕ್ಕ ಚಕ್ರವು ಎಣ್ಣೆಯನ್ನು ತಕ್ಕ ದಿಕ್ಕಿಗೆ ತಿರುಗಿಸಿ ಸೆಳೆತವನ್ನು ಹೆಚ್ಚಿಸುವುದು. ಹೊರಡುವಾಗ ಇದರಿಂದ ಬಹಳ ಅನುಕೂಲ. ಹೇರು ಎಷ್ಟೇ ಇದ್ದರೂ ಜಗ್ಗದೆ ಮೃದುವಾಗಿ ಹೊರಡುವುದು.

ಆದರೆ ಒಂದು ಚಕ್ರವು ವೇಗವಾಗಿಯೂ ಇನ್ನೊಂದು ಮಂದವಾಗಿಯೂ ತಿರುಗುತ್ತಿರುವಷ್ಟು ಹೊತ್ತೂ, ಆ ವ್ಯತ್ಯಾಸವೆಲ್ಲವೂ ಎಣ್ಣೆಯಲ್ಲಿ ಶಾಖವಾಗುವುದು. ವಾಹನವು ನಿಂತಿದ್ದು ಇಂಜಿನು ಮಾತ್ರ ಎಳೆಯುತ್ತಿದ್ದರೆ ಇಂಜಿನಿನ ಶಕ್ತಿಯಷ್ಟೂ ಶಾಖವೇ. ಆದುದರಿಂದ ಏರಿನಲ್ಲಿ ಆಕ್ಸಿಲರೇಟರನ್ನು ಸ್ವಲ್ಪ ಒತ್ತಿ ವಾಹನವನ್ನು ಅಲುಗಾಡದಂತೆ ನಿಲ್ಲಿಸಿಕೊಳ್ಳುವುದು, ಕೆಸರಿನಲ್ಲಿ ಹೂತ ಟ್ರೇಲರನ್ನು ಬಹಳ ಹೊತ್ತು ಜಗ್ಗುವುದು, ಇವೆರಡೂ ಈ ಗೇರಿನ ಪೆಟ್ಟಿಗೆಗೆ ಪರಮಶತ್ರುಗಳು. ಹೂತ ಹೇರನ್ನು ಇಳಿಸಿ ಹಗುರ ಮಾಡುವುದು ಶ್ರಮದ ಕೆಲಸವಾದರೂ, ಗೇರಿನ ಪೆಟ್ಟಿಗೆಯನ್ನು ಹೊಸದಾಗಿ ಕಟ್ಟಿಸುವುದಕ್ಕಿಂತ ಅಗ್ಗ.

ವೇಗವು ಸಾಕಷ್ಟಾದ ಮೇಲೆ ಪೆಟ್ಟಿಗೆಯೊಳಗಿನ ಒಂದು ತಟ್ಟೆಯು ಎರಡೂ ಚಕ್ರಗಳನ್ನು ಬಿಗಿಯಾಗಿ ಕಚ್ಚಿ ಒಂದು ಮಾಡುವುದು. ಆಗ ಜಾರುವಿಕೆಯಿಲ್ಲ, ಆ ಶಾಖವೂ ಇಲ್ಲ. ಹೊರೆ ಎಳೆಯುವಾಗ ಈ ಕಚ್ಚು ಬಿಡದಂತೆ ನೋಡಿಕೊಳ್ಳುವುದೇ ಡ್ರೈವರಿನ ಜಾಣತನ. ಸಾಧಾರಣ ಸ್ಥಿತಿಯಲ್ಲಿ ಯಂತ್ರವು ಎಣ್ಣೆಯ ಉಳಿತಾಯಕ್ಕೋಸ್ಕರ ಬೇಗನೆ ಮೇಲಿನ ಗೇರಿಗೆ ಹೋಗುವಂತೆ ಏರ್ಪಡಿಸಲ್ಪಟ್ಟಿರುವುದು. ಹಿಂದೆ ಹೇರಿರುವುದು ಅದಕ್ಕೆ ತಿಳಿಯದು. ಏರಿನಲ್ಲಿ ಅದು ಮೇಲಿನ ಗೇರಿಗೆ ಹೋಗುವುದು, ಇಂಜಿನು ಬಳಲುವುದು, ಕಚ್ಚು ಬಿಡುವುದು, ಕೆಳಗಿನ ಗೇರಿಗೆ ಬರುವುದು, ವೇಗ ಏರಿದೊಡನೆ ತಿರುಗಿ ಮೇಲಕ್ಕೆ ಹೋಗುವುದು. ಹೀಗೆ ನಿಮಿಷಕ್ಕೆ ನಾಲ್ಕಾರು ಸಾರಿ ಗೇರು ಹಿಂದು ಮುಂದಾಗುತ್ತಿದ್ದರೆ ಪ್ರತಿಯೊಂದು ಸಾರಿಯೂ ಒಳಗಿನ ತಟ್ಟೆಗಳು ಉಜ್ಜಿಕೊಂಡು ಕಾಯುವುವು.

ಅಮೆರಿಕದ ರೈತರು ಹುಲ್ಲು, ದನಕರು, ಯಂತ್ರೋಪಕರಣಗಳನ್ನು ದೊಡ್ಡ ಡೀಸಲ್ ಪಿಕಪ್ಪುಗಳ ಹಿಂದೆ ಟ್ರೇಲರು ಕಟ್ಟಿ ಸಾಗಿಸುವವರಾದುದರಿಂದ ಈ ತೊಂದರೆಯನ್ನು ಚೆನ್ನಾಗಿ ಬಲ್ಲರು. 2001ನೆಯ ಮಾದರಿಯ ಜನರಲ್ ಮೋಟರ್ಸ್ ಡೀಸಲ್ ಪಿಕಪ್ಪುಗಳಿಗೆ ಆಲಿಸನ್ ಕಂಪೆನಿಯ ಐದು ಗೇರಿನ ಪೆಟ್ಟಿಗೆಯನ್ನು ಜೋಡಿಸಿದಾಗ, ಹೊರೆ ಇರುವುದನ್ನು ಯಂತ್ರಕ್ಕೆ ತಿಳಿಸುವ ಒಂದು ಗುಂಡಿಯನ್ನೂ ಇಟ್ಟಿದ್ದರು. ಅದನ್ನು ಒತ್ತಿದರೆ ಇಂಜಿನು ಹೆಚ್ಚು ವೇಗಕ್ಕೆ ಏರಿದ ಮೇಲೆಯೇ ಮೇಲಿನ ಗೇರಿಗೆ ಹೋಗುವುದು. ಇಳಿಜಾರಿನಲ್ಲಿ ಬ್ರೇಕನ್ನು ಮುಟ್ಟಿದರೆ ತಾನಾಗಿ ಕೆಳಗಿನ ಗೇರಿಗೆ ಬಂದು ಇಂಜಿನಿನ ತಡೆಯನ್ನು ಒದಗಿಸುವುದು. ನಮ್ಮಲ್ಲಿ ಮಾರಾಟವಾಗುವ ವಾಹನಗಳಲ್ಲಿ ಈ ಗುಂಡಿಯು ಎಲ್ಲದರಲ್ಲಿಯೂ ಇರುವುದಿಲ್ಲ. ಇಲ್ಲದಿದ್ದರೂ ಗೇರಿನ ಹಿಡಿಯನ್ನು ಕೂಡಿಸು, ಕಳೆ ಎಂಬ ಗುರುತುಗಳ ಕಡೆಗೆ ಸರಿಸಿ, ತನಗೆ ಬೇಕಾದ ಗೇರಿನಲ್ಲಿಯೇ ನಿಲ್ಲಿಸಿಕೊಳ್ಳುವ ಏರ್ಪಾಡು ಹಲವು ವಾಹನಗಳಲ್ಲುಂಟು. ಹೊರೆಯೊಡನೆ ಏರುವಾಗ ಇಂಜಿನನ್ನು 2,000 ಸುತ್ತಿಗಿಂತ ಕೆಳಕ್ಕೆ ಬೀಳಗೊಡದೆ 2,000 ಕ್ಕೂ 2,800 ಕ್ಕೂ ನಡುವೆ ಇಡಬಲ್ಲ ಗೇರನ್ನು ಹಿಡಿದು ಹೋಗುವುದು ಲೇಸು. ಸದ್ದು ಹೆಚ್ಚಾಯಿತೆಂದು ಹೆದರಬೇಕಾಗಿಲ್ಲ. 1,300 ಸುತ್ತಿನಲ್ಲಿ ಮೌನವಾಗಿ ಬಳಲುವುದಕ್ಕಿಂತ 2,300 ರಲ್ಲಿ ಸದ್ದು ಮಾಡುತ್ತ ಏರುವುದೇ ಯಂತ್ರಕ್ಕೆ ತಂಪು. ಏಕೆಂದರೆ ನೀರಿನ ಪಂಪೂ, ಗೇರಿನ ಎಣ್ಣೆಯನ್ನು ತಂಪುಕೊಳವೆಗೆ ನೂಕುವ ಪಂಪೂ ಇಂಜಿನಿನ ವೇಗಕ್ಕೆ ತಕ್ಕಂತೆಯೇ ಕೆಲಸ ಮಾಡುವುವು.

ಈ ಗೇರಿನ ಎಣ್ಣೆಯು ಸುಮಾರು 80 ರಿಂದ 95 ಡಿಗ್ರಿ ಸೆಂಟಿಗ್ರೇಡ್ ಶಾಖದಲ್ಲಿ ಸುಖವಾಗಿರುವುದು. 80 ರಿಂದ ಮೇಲಕ್ಕೆ ಪ್ರತಿ 11 ಡಿಗ್ರಿ ಏರಿಕೆಗೂ ಅದರ ಆಯುಸ್ಸು ಅರ್ಧವಾಗುವುದೆಂದು ಯಂತ್ರಜ್ಞರಲ್ಲಿ ಒಂದು ಸ್ಥೂಲವಾದ ಲೆಕ್ಕ ಬಳಕೆಯಲ್ಲಿದೆ. ಆ ಪ್ರಕಾರ 113 ಡಿಗ್ರಿಯಲ್ಲಿ ನಡೆಯುತ್ತಿದ್ದರೆ ಎಂಟರಲ್ಲಿ ಒಂದು ಪಾಲು ಆಯುಸ್ಸು ಮಾತ್ರ ಉಳಿಯುವುದು. ಹೊಸ ಎಣ್ಣೆಯು ಸಾಮಾನ್ಯವಾಗಿ ಕೆಂಪಾಗಿರುವುದು. ಸುಟ್ಟ ಎಣ್ಣೆಯು ಕಂದುಬಣ್ಣಕ್ಕೆ ತಿರುಗಿ ಕಮಟು ವಾಸನೆ ಕೊಡುವುದು. ಆ ವಾಸನೆ ಬಂದರೆ ತಡಮಾಡದೆ ಬದಲಾಯಿಸತಕ್ಕದ್ದು. ತಯಾರಕರು ಹೇಳಿದ ಜಾತಿಯ ಎಣ್ಣೆಯನ್ನೇ ಹಾಕಬೇಕು. ಟ್ರಾಕ್ಟರಿನ ಗೇರಿಗೆಂದು ಮನೆಯಲ್ಲಿ ತಂದಿಟ್ಟ ಎಣ್ಣೆಯನ್ನು ಇದಕ್ಕೆ ಸುರಿಯಕೂಡದು. ಹೊರೆಯ ಕೆಲಸಕ್ಕೆ ಬಳಸುವ ವಾಹನಕ್ಕೆ ಕೈಪಿಡಿಯಲ್ಲಿ ಬೇರೆಯಾಗಿ, ಕಡಿಮೆ ಅಂತರದ ಅವಧಿಯನ್ನು ಸೂಚಿಸಿರುವರು, ಅದನ್ನೇ ಅನುಸರಿಸತಕ್ಕದ್ದು. ಎಷ್ಟು ತೂಕದ ಟ್ರೇಲರನ್ನು ಎಳೆಯಬಹುದೆಂಬುದೂ ಅದರಲ್ಲಿಯೇ ಅಚ್ಚಾಗಿರುವುದು.

ಕಾರ್ಖಾನೆಯ ಮುಂದೆ ಸಾಲಿನಲ್ಲಿ ಕಾಯಬೇಕಾದಾಗ ಗೇರನ್ನು ನ್ಯೂಟ್ರಲಿಗೆ ತಂದು ಕೈಬ್ರೇಕು ಹಾಕುವುದು ಒಳ್ಳೆಯದು. ಇಳಿಜಾರಿನ ಮೇಲೆ ನಿಲ್ಲಿಸಿ ಇಳಿದು ಹೋಗುವಾಗ ಮೊದಲು ಕೈಬ್ರೇಕು ಎಳೆದು, ಕಾಲಿನ ಬ್ರೇಕನ್ನು ಮೆಲ್ಲಗೆ ಬಿಟ್ಟು, ಹೇರಿನ ಭಾರವು ಕೈಬ್ರೇಕಿನ ಮೇಲೆ ಕುಳಿತ ಮೇಲೆ ಹಿಡಿಯನ್ನು ನಿಲುಗಡೆಯ ಸ್ಥಾನಕ್ಕೆ ಸರಿಸಬೇಕು. ಏಕೆಂದರೆ ನಿಲುಗಡೆಯಲ್ಲಿ ವಾಹನವನ್ನು ಹಿಡಿದಿಡುವುದು ಒಳಗಿನ ಒಂದು ಚಿಕ್ಕ ಕಬ್ಬಿಣದ ಹಲ್ಲು ಮಾತ್ರ. ಚಕ್ರಕ್ಕೆ ಕಲ್ಲು ಕೊಡುವುದನ್ನು ಇಲ್ಲಿಯೂ ಬಿಡಬಾರದು. ಮುಂದಕ್ಕೂ ಹಿಂದಕ್ಕೂ ಗೇರು ಬದಲಾಯಿಸುವಾಗ ವಾಹನವು ಪೂರ್ಣವಾಗಿ ನಿಂತಿರಬೇಕು. ಟರ್ಬೋ ಇರುವ ಇಂಜಿನನ್ನು ದೊಡ್ಡ ಏರು ಹತ್ತಿದೊಡನೆಯೇ ಆರಿಸದೆ ಎರಡು ಮೂರು ನಿಮಿಷ ಮೆಲ್ಲಗೆ ತಿರುಗಲು ಬಿಡತಕ್ಕದ್ದು. ತಕ್ಷಣ ಆರಿಸಿದರೆ ಕೆಂಪಗೆ ಕಾದ ಟರ್ಬೋವಿಗೆ ಎಣ್ಣೆಯ ಹರಿವು ನಿಂತು ಅದರ ಬೇರಿಂಗಿನಲ್ಲಿ ಎಣ್ಣೆಯು ಕರಿಗಟ್ಟುವುದು. ಒಕ್ಕಣೆಯ ಹೊಟ್ಟೂ ಕಬ್ಬಿನ ರವುದಿಯೂ ರೇಡಿಯೇಟರಿನ ಸಂದುಗಳಲ್ಲಿ ಸೇರಿಕೊಳ್ಳುವುದರಿಂದ ಸುಗ್ಗಿಯ ದಿನಗಳಲ್ಲಿ ದಿನಕ್ಕೊಮ್ಮೆಯಾದರೂ ಅದನ್ನು ಊದಿ ತೆಗೆಯಬೇಕು. ಇದು ಟ್ರಾಕ್ಟರಿಗೂ ಸಮಾನವಾಗಿ ಅನ್ವಯಿಸುವುದು. ಟ್ರಾಕ್ಟರುಗಳ ವಿಷಯದಲ್ಲಿ ಮತ್ತೊಂದು ಮಾತು: ಈಚಿನ ಅನೇಕ ಮಾದರಿಗಳಲ್ಲಿ ಬ್ರೇಕುಗಳೂ ಎಣ್ಣೆಯಲ್ಲಿಯೇ ಮುಳುಗಿರುವುವು. ಹಲವಲ್ಲಿ ಅದು ಗೇರಿನ ಎಣ್ಣೆಯೇ ಆದುದರಿಂದ, ಎಣ್ಣೆಯ ಮಟ್ಟ ಇಳಿದರೆ ಗೇರಿನೊಡನೆ ಬ್ರೇಕೂ ಕೆಡುವುದು.

ಕೊನೆಯದಾಗಿ, ಹಳ್ಳಿಗಳಲ್ಲಿ ಪದೇ ಪದೇ ಒದಗುವ ಒಂದು ಪ್ರಸಂಗ. ಆಟೋಮ್ಯಾಟಿಕ್ ವಾಹನವು ದಾರಿಯಲ್ಲಿ ಕೆಟ್ಟು ನಿಂತರೆ, ನೆರೆಯವರ ಟ್ರಾಕ್ಟರಿಗೆ ಹಗ್ಗದಿಂದ ಕಟ್ಟಿ ಪಟ್ಟಣದವರೆಗೆ ಎಳೆಸಿಕೊಂಡು ಹೋಗುವುದು ಎಲ್ಲರಿಗೂ ಮೊದಲು ತೋಚುವ ಉಪಾಯ. ಇದನ್ನು ಮಾಡಬಾರದು. ಈ ಗೇರುಗಳಿಗೆ ಎಣ್ಣೆಯನ್ನು ಎರೆಯುವ ಪಂಪು ಇಂಜಿನಿನಿಂದ ನಡೆಯುವುದು. ಇಂಜಿನು ನಿಂತಿದ್ದು ಚಕ್ರಗಳು ಮಾತ್ರ ತಿರುಗಿದರೆ ಗೇರಿನ ಒಳಭಾಗಗಳು ಎಣ್ಣೆಯಿಲ್ಲದೆ ಉಜ್ಜಿಕೊಂಡು, ಕೆಲವೇ ಕಿಲೋಮೀಟರುಗಳಲ್ಲಿ ಹಾಳಾಗುವ ಸಂಭವವಿದೆ. ಇಂಜಿನು ತಿರುಗಿಸುವ ಚಕ್ರಗಳು ನೆಲವನ್ನು ಮುಟ್ಟದಂತೆ ಎತ್ತಿ, ನಾಲ್ಕು ಚಕ್ರಗಳಿಗೂ ಸೆಳೆತವುಳ್ಳ ವಾಹನವಾದರೆ ಇಡಿಯಾಗಿ ಲಾರಿಯ ಮೇಲೆ ಏರಿಸಿ, ಕಳುಹಿಸತಕ್ಕದ್ದು. ಅಲ್ಲಿಯವರೆಗೆ ಅದನ್ನು ರಸ್ತೆಯ ಅಂಚಿಗೆ ಕೈಯಿಂದ ನೂಕಿ ನಿಲ್ಲಿಸಿಡುವುದಕ್ಕೆ ಯಾವ ಅಡ್ಡಿಯೂ ಇಲ್ಲ.